ಸರ್ವಿಸ್ ಲಿಫ್ಟಿನ ಫೋನು

ಆಫೀಸುಗಳ ಟೆಲಿಫೋನ್ ಎಕ್ಸ್‌ಟೆನ್ಷನ್‌ಗಳನ್ನು ದುರಸ್ತಿ ಮಾಡುವುದು ನನ್ನ ಹೊಟ್ಟೆಪಾಡು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಆ ಫೋನುಗಳು ಇನ್ನೂ ಇವೆಯೇ ಎಂದು ಕೇಳುವವರೇ ಹೆಚ್ಚು. ಇವೆ. ರಿಸೆಪ್ಷನ್ನಿನಲ್ಲಿ, ಪ್ಯಾಂಟ್ರಿಯಲ್ಲಿ, ವಾಚ್‌ಮನ್ ಕೂರುವಲ್ಲಿ, ಸಿಗ್ನಲ್ ಇಳಿಯದ ಬೇಸ್‌ಮೆಂಟುಗಳಲ್ಲಿ, ಲಿಫ್ಟುಗಳ ಒಳಗೆ. ಘಾಟ್ಕೋಪರಿನಿಂದ ಮೆಟ್ರೊ ಹಿಡಿದು ದಿನವೂ ಅಂಧೇರಿಗೆ ಹೋಗುತ್ತೇನೆ. ಹೆಗಲ ಚೀಲದಲ್ಲಿ ಇಕ್ಕಳ, ಟೇಪು, ಲ್ಯಾಪ್‌ಟಾಪು ಮತ್ತು ಒಂದು ಟೆಸ್ಟ್ ಫೋನು ಇರುತ್ತವೆ. ಟೆಸ್ಟ್ ಫೋನೆಂದರೆ ದಪ್ಪನೆಯ ರಿಸೀವರು, ಅದಕ್ಕೆ ಎರಡು ವೈರು, ವೈರಿನ ತುದಿಗೆ ಎರಡು ಕ್ಲಿಪ್ಪು. ಅದನ್ನು ಯಾವ ಲೈನಿಗೆ ಕಚ್ಚಿಸಿದರೂ ಅಲ್ಲಿ ನಡೆದಿರುವ ಮಾತು ಕೇಳುತ್ತದೆ. ನಾವೂ ನಡುವೆ ಮಾತಾಡಬಹುದು.

ಆ ದಿನ ಬೆಳಗಿನಿಂದ ಮಳೆ ಒಂದೇ ಸಮ ಹೊಡೆಯುತ್ತಿತ್ತು. ನನ್ನನ್ನು ಕರೆಸಿದ ಬಿಲ್ಡಿಂಗಿನ ಮುಂದೆ ಆಟೋದವನು ಒಳಗೆ ಬರಲು ಒಪ್ಪದೆ ರಸ್ತೆಯಲ್ಲೇ ಇಳಿಸಿದ್ದ. ಅಲ್ಲಿಯ ಹಳೆಯ ಇಂಟರ್‌ಕಾಮ್ ತೆಗೆದು, ನೆಟ್‌ವರ್ಕಿನ ಮೇಲೆ ನಡೆಯುವ ಹೊಸ ಡಬ್ಬಿಯನ್ನು ಬೇರೆ ಯಾರೋ ಕೂರಿಸಿ ಹೋಗಿದ್ದರು. ಅಂದಿನಿಂದ ಕೆಲವು ಎಕ್ಸ್‌ಟೆನ್ಷನ್‌ಗಳಲ್ಲಿ ಒಂದು ವಿಚಿತ್ರ ತೊಂದರೆ. ಆಚೆಯವರು ಹೇಳಿದ್ದು ರಿಸೆಪ್ಷನ್ನಿಗೆ ಕೇಳುತ್ತಿತ್ತು, ರಿಸೆಪ್ಷನ್ನಿನವರು ಹೇಳಿದ್ದು ಆಚೆಗೆ ಹೋಗುತ್ತಿರಲಿಲ್ಲ. ಇದು ನಮ್ಮ ಕೆಲಸದಲ್ಲಿ ಹೊಸದೇನಲ್ಲ. ಸೆಟ್ಟಿಂಗಿನಲ್ಲಿ ಎಲ್ಲೋ ಒಂದು ದಾರಿ ಮುಚ್ಚಿರುತ್ತದೆ. ಆದರೆ ಅದನ್ನು ತೆರೆಯುವ ಪಾಸ್‌ವರ್ಡು ಕೂರಿಸಿದವರ ಹತ್ತಿರವೇ ಇತ್ತು. ಕಳಿಸುತ್ತೇವೆ ಅಂದಿದ್ದರು. ರಿಸೆಪ್ಷನ್ನಿನ ಹಿಂದಿನ ಸಣ್ಣ ಕೋಣೆಯಲ್ಲಿ, ಎಲ್ಲ ಫೋನುಗಳ ವೈರು ಬಂದು ಸೇರುವ, ಗೋಡೆಗೆ ಹೊಡೆದ ಪಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ನಾನು ಕಾಯುತ್ತಿದ್ದೆ.

ಊಟದ ಹೊತ್ತು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಹೊಸ ಡಬ್ಬಿ ಯುಪಿಎಸ್ ಮೇಲೆ ನಡೆಯತೊಡಗಿತು, ಯುಪಿಎಸ್ಸು ಕುಂಯ್‌ಗುಟ್ಟತೊಡಗಿತು.

ಸ್ವಲ್ಪ ಹೊತ್ತಿಗೆ ರಿಸೆಪ್ಷನ್ನಿನ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಡೊಂಬಿವಲಿಯಿಂದ ಬರುವ ಮರಾಠಿ ಹುಡುಗಿ, ಬೆಳಿಗ್ಗೆ ನನಗೆ ಚಹಾ ತರಿಸಿಕೊಟ್ಟವಳು. ಯಾರೋ ಹೆಂಗಸು ಫೋನಿನಲ್ಲಿ ಒಂದೇ ಸಮ ಮಾತಾಡುತ್ತಿದ್ದಾಳೆ, ತಾನು ಹಲೋ ಅಂದದ್ದು ಅವಳಿಗೆ ಕೇಳುತ್ತಿಲ್ಲ, ಮೊದಲು ಹಿಂದಿಯಲ್ಲಿ ಏನೋ ಹೇಳುತ್ತಿದ್ದಳು, ಈಗ ಯಾವ ಭಾಷೆಯೋ ತಿಳಿಯುತ್ತಿಲ್ಲ ಅಂದಳು. ಅದೇ ತೊಂದರೆಯೇ ನೋಡಿ ಅಂತ ನನ್ನನ್ನು ಕರೆದಳು.

ನಾನು ಹೋಗಿ ರಿಸೀವರ್ ಕಿವಿಗಿಟ್ಟೆ.

"ಯಾರರ ಅದೀರೇನ್ರಿ? ಯಪ್ಪಾ, ಯಾರರ ಮಾತಾಡ್ರಿ. ಕತ್ತಲ ಐತ್ರಿ ಇಲ್ಲಿ."

ನನ್ನ ಅವ್ವ ವಿಜಯಪುರದ ಕಡೆಯವಳು. ಮನೆಯಲ್ಲಿ ಅವಳೊಬ್ಬಳ ಜೊತೆ ನಾನು ಕನ್ನಡ ಆಡುತ್ತಿದ್ದೆ. ಅವಳು ಹೋದ ಮೇಲೆ ಅದೂ ಕಡಿಮೆಯಾಗಿತ್ತು. ಫೋನಿನಲ್ಲಿದ್ದ ದನಿ ಅವ್ವನ ಕಡೆಯದೇ. ನಾನು ಗಾಬರಿಯಿಂದ ಕನ್ನಡದಲ್ಲೂ ಹಿಂದಿಯಲ್ಲೂ ಕೂಗಿದೆ. ಅವಳಿಗೆ ಒಂದೂ ಮುಟ್ಟಲಿಲ್ಲ. ಅವಳು ಮಾತಾಡುತ್ತಲೇ ಇದ್ದಳು. ಉತ್ತರ ಬರುವುದಿಲ್ಲವೆಂದು ಗೊತ್ತಾಗಿ, ತನಗೆ ತಾನೇ ಹೇಳಿಕೊಳ್ಳುತ್ತಿದ್ದಂತಿತ್ತು. ಕಸ-ಕಚರಾ ಇಳಿಸಲು ಬಂದೆ, ಬಾಗಿಲು ಒಂದು ಗೇಣಷ್ಟೇ ತೆರೆದು ನಿಂತಿತು, ಕಾಲಿಗೆ ನೀರು ಬಂತು, ಎಲ್ಲಮ್ಮಾ ನೀನೇ ಗತಿ ಅಂದಳು.

ಸರ್ವಿಸ್ ಲಿಫ್ಟು. ಬೇಸ್‌ಮೆಂಟಿನಲ್ಲಿ ನಿಂತಿದೆ. ನೀರು ಗಾಡಿಗಳು ಇಳಿಯುವ ಇಳಿಜಾರಿನಿಂದ ಒಳಗೆ ನುಗ್ಗುತ್ತಿದೆ. ಹುಡುಗಿಗೆ ಇಷ್ಟು ಹೇಳಿದೆ. ಲಿಫ್ಟ್ ಖಾಲಿ ಇದೆ ಎಂದು ಸೆಕ್ಯುರಿಟಿಯವರು ಹೇಳಿದ್ದರಂತೆ. ಅವಳು ಮೊಬೈಲಿನಲ್ಲಿ ಅವರನ್ನು ಹಿಡಿಯಲು ಒದ್ದಾಡತೊಡಗಿದಳು. ಅಷ್ಟರಲ್ಲಿ ಫೋನಿನಲ್ಲಿ ಆ ಹೆಂಗಸು ಮತ್ತೊಂದು ಮಾತು ಹೇಳಿದಳು.

"ಹೊರಗ ಏನೋ ಚಟ್ ಚಟ್ ಅನ್ನಾಕತ್ತೈತಿ. ನೀಲಿ ಬೆಳಕ ಕಾಣತೈತಿ. ಬಾಗಲ ಜಗ್ಗಿ ಹೊರಗ ಬರತೇನಿ, ಆಗಿದ್ದಾಗಲಿ."

ಬಿಲ್ಡಿಂಗಿನ ಮೇನ್ ಪ್ಯಾನೆಲ್ ಬೇಸ್‌ಮೆಂಟಿನಲ್ಲೇ ಇದೆ, ಲಿಫ್ಟಿನ ಎದುರಿಗೆ. ಬೆಳಿಗ್ಗೆ ವೈರು ಹುಡುಕುತ್ತ ಅಲ್ಲಿಗೆ ಹೋಗಿ ಬಂದಿದ್ದೆ. ಮೇಲೆ ಕರೆಂಟು ಹೋಗಿದ್ದರೂ ರಸ್ತೆಯಿಂದ ಪ್ಯಾನೆಲ್‌ವರೆಗೆ ಬರುವ ಕೇಬಲ್ಲಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಆ ನೀರಿನಲ್ಲಿ ಅವಳು ಪ್ಯಾನೆಲ್ಲಿನ ಹತ್ತಿರ ಬಂದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಮಳೆಗಾಲದಲ್ಲೂ ಈ ಊರಿನಲ್ಲಿ ಅಂಥ ಸುದ್ದಿ ಕೇಳುತ್ತೇವೆ. ಅದರ ಮೇಲೆ ಯಾರಾದರೂ ಜನರೇಟರ್ ಶುರು ಮಾಡಿದರೆ ಕತೆಯೇ ಮುಗಿಯಿತು. ನಾನು ಹುಡುಗಿಗೆ ಹೇಳಿದೆ, ಫೋನು ಬಿಡು, ಓಡು, ಸೆಕ್ಯುರಿಟಿಯವರಿಗೆ ಜನರೇಟರ್ ಹಚ್ಚಬೇಡಿ ಅನ್ನು, ರಸ್ತೆಯ ಕಡೆಯಿಂದ ಲೈನು ಕಡಿಸು, ಆಮೇಲೆ ಅವರು ಕೆಳಗೆ ಇಳಿಯಲಿ. ಅವಳು ಹೀಲ್ಸ್ ಚಪ್ಪಲಿ ಕಳಚಿ ಕೌಂಟರಿನ ಕೆಳಗೆ ಒದ್ದು ಬರಿಗಾಲಲ್ಲೇ ಓಡಿದಳು.

ಆ ಹೆಂಗಸನ್ನು ತಡೆಯಬೇಕಿತ್ತು. ನನ್ನ ಮಾತು ಅವಳಿಗೆ ಮುಟ್ಟಲು ದಾರಿ ಒಂದೇ. ಹೊಸ ಡಬ್ಬಿಯನ್ನು ಬಿಟ್ಟು, ಲಿಫ್ಟಿನಿಂದ ಬರುವ ವೈರಿಗೇ ಟೆಸ್ಟ್ ಫೋನನ್ನು ಕಚ್ಚಿಸಬೇಕು. ಆಗ ಇಬ್ಬರೂ ಒಂದೇ ವೈರಿನ ಮೇಲೆ ಇರುತ್ತೇವೆ. ಆದರೆ ಅದಕ್ಕೆ ಹಿಂದಿನ ಕೋಣೆಗೆ ಹೋಗಬೇಕು, ಅಂದರೆ ಈ ರಿಸೀವರ್ ಕೆಳಗಿಡಬೇಕು. ಅಷ್ಟು ಹೊತ್ತು ಅವಳು ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಯುವುದಿಲ್ಲ. ಆಚೆ ಅವಳು ಬಾಗಿಲು ಜಗ್ಗುತ್ತ ತಿಣುಕುವುದು ಕೇಳುತ್ತಿತ್ತು. ರಿಸೀವರನ್ನು ಕೌಂಟರಿನ ಮೇಲೆ ಹಾಗೇ ಮಲಗಿಸಿ ಓಡಿದೆ.

ಕೋಣೆಯಲ್ಲಿ ಕತ್ತಲು. ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಪಟ್ಟಿಯ ಮೇಲಿನ ವೈರುಗಳಿಗೆ ಅಂಟಿಸಿದ್ದ ಚೀಟಿಗಳು ಕೆಲವು ಉದುರಿದ್ದವು, ಕೆಲವು ಹಳೆಯ ವ್ಯವಸ್ಥೆಯವು. ಲಿಫ್ಟ್ ಎಂದು ಬರೆದ ಜೋಡಿ ವೈರಿಗೆ ಕ್ಲಿಪ್ ಕಚ್ಚಿಸಿದೆ. ಡಯಲ್ ಟೋನು. ಅಂದರೆ ಯಾರೂ ಎತ್ತದ ಲೈನು, ಅವಳದಲ್ಲ. ಪಕ್ಕದ್ದಕ್ಕೆ ಹಾಕಿದೆ, ಏನೂ ಇಲ್ಲ. ಅದರ ಪಕ್ಕದ್ದಕ್ಕೆ ಹಾಕಿದೆ, ಮತ್ತೆ ಡಯಲ್ ಟೋನು. ಬೆವರಿಗೆ ಕ್ಲಿಪ್ಪು ಜಾರುತ್ತಿತ್ತು. ಯುಪಿಎಸ್ಸಿನ ಕೂಗು ಬಿಡುವಿಲ್ಲದಂತಾಗಿತ್ತು. ಅದು ನಿಂತರೆ ಡಬ್ಬಿಯೂ ನಿಲ್ಲುತ್ತದೆ, ಡಬ್ಬಿ ನಿಂತರೆ ಎಲ್ಲ ವೈರೂ ಸತ್ತಂತೆಯೇ. ಮೌನವಾಗಿರುವ ಜೋಡಿ ಸಿಕ್ಕಾಗಲೆಲ್ಲ, ಇದೇ ಅವಳ ಲೈನಿದ್ದು ಅವಳೇ ಹೊರಗೆ ಹೋಗಿಬಿಟ್ಟಿದ್ದರೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗ ಆ ಮೌನದಲ್ಲೇ ಸ್ವಲ್ಪ ನಿಂತು ಕಿವಿಗೊಡುತ್ತಿದ್ದೆ. ನಿಲ್ಲಲು ಹೊತ್ತಿರಲಿಲ್ಲ, ಬಿಟ್ಟು ಮುಂದೆ ಹೋಗಲು ಧೈರ್ಯವೂ ಇರಲಿಲ್ಲ.

ಕೊನೆಯ ಸಾಲಿನಲ್ಲಿ, ಚೀಟಿಯೇ ಇಲ್ಲದ ಒಂದು ಜೋಡಿಯಲ್ಲಿ, ನೀರಿನ ಸದ್ದು ಕೇಳಿತು. ಅದರ ಹಿಂದೆ ಏದುಸಿರು.

"ಅಕ್ಕಾ," ಅಂದೆ. ಹಲ್ಲಲ್ಲಿದ್ದ ಮೊಬೈಲ್ ತೆಗೆದು ಮತ್ತೆ ಅಂದೆ. "ಅಕ್ಕಾ, ಹೊರಗ ಬರಬ್ಯಾಡ್ರಿ."

ಏದುಸಿರು ನಿಂತಿತು. ರಿಸೀವರ್ ಎಲ್ಲೋ ಜೋತಾಡುತ್ತಿದ್ದಿರಬೇಕು, ಅವಳ ದನಿ ದೂರದಿಂದ ಬಂತು.

"ಯಾರ್ರೀ?"

"ಮ್ಯಾಲಿಂದ ಮಾತಾಡಾಕತ್ತೇನಿ. ನೀರಿನ್ಯಾಗ ಕರೆಂಟ್ ಐತಿ. ಬಾಗಲ ಬಿಡ್ರಿ, ಒಳಗ ಬರ್ರಿ."

ಆಮೇಲೆ ಅವಳು ಫೋನು ಹಿಡಿದುಕೊಂಡು ಅತ್ತಳು. ಅಳು ಮುಗಿಯುವವರೆಗೆ ಕಾಯುವಂತಿರಲಿಲ್ಲ. ಹತ್ತಿರ ಏನಿದೆ ಅಂತ ಕೇಳಿದೆ. ಪ್ಲಾಸ್ಟಿಕ್ಕಿನ ಕಚರಾ ಡ್ರಮ್ಮು ಅಂದಳು. ಅದನ್ನು ಬರಿದು ಮಾಡಿ ಬೋರಲು ಹಾಕಿ ಅದರ ಮೇಲೆ ನಿಲ್ಲಲು, ಲಿಫ್ಟಿನ ಗೋಡೆ ಮುಟ್ಟದಿರಲು ಹೇಳಿದೆ. ಬೋರಲು ಎಂಬ ಮಾತು ನನಗೆ ನೆನಪಾಗದೆ ಉಲ್ಟಾ ಅಂದೆ. ಅವಳು ಹತ್ತಿ ನಿಂತೆ ಅಂದಳು. ಬೀಳುವ ಹಾಗಾಗುತ್ತದೆ, ಮಾತಾಡುತ್ತಿರು ತಮ್ಮಾ ಅಂದಳು. ಏನು ಮಾತಾಡುವುದು? ಅವ್ವನ ಊರು ಹೇಳಿದೆ. ಅವಳದು ಅಲ್ಲಿಂದ ಮುಂದಿನ ಸ್ಟಾಪು. ಅವಳ ಗಂಡ ಕಟ್ಟಡದ ಕೆಲಸಕ್ಕೆ ಬಂದವನು, ಈಗ ಇಲ್ಲ. ಮಗಳು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಇದನ್ನೆಲ್ಲ ಅವಳು ಹಲ್ಲು ಕಟಕಟಿಸುತ್ತ ಹೇಳಿದಳು. ನಡುವೆ ಚಟ್ ಎಂಬ ಸದ್ದು ನನಗೂ ಕೇಳಿತು.

ಅಷ್ಟರಲ್ಲಿ ಯುಪಿಎಸ್ ನಿಂತಿತು. ಫೋನು ಕಲ್ಲಿನಂತಾಯಿತು. ಅಕ್ಕಾ ಅಕ್ಕಾ ಎಂದು ಸುಮ್ಮನೆ ಕರೆಯುತ್ತ ನಿಂತೆ. ಅವಳು ಹೆದರಿ ಮತ್ತೆ ಇಳಿದುಬಿಟ್ಟರೆ ಎಂಬುದೊಂದೇ ತಲೆಯಲ್ಲಿತ್ತು. ಫೋನು ಬಿಟ್ಟು ಮೆಟ್ಟಿಲಿಗೆ ಓಡಿದೆ.

ಬೇಸ್‌ಮೆಂಟಿನ ಮೆಟ್ಟಿಲ ತುದಿಯಲ್ಲಿ ಹುಡುಗಿ ಎರಡೂ ಕೈ ಚಾಚಿ ಸೆಕ್ಯುರಿಟಿಯವರನ್ನು ತಡೆದು ನಿಂತಿದ್ದಳು. ರಸ್ತೆಯ ಕಡೆಯಿಂದ ಲೈನು ಕಡಿದದ್ದು ಖಾತ್ರಿಯಾಗುವ ತನಕ ಯಾರನ್ನೂ ಇಳಿಯಲು ಬಿಡಲಿಲ್ಲ. ಕತ್ತಲಿನೊಳಕ್ಕೆ ನಾನು ಕನ್ನಡದಲ್ಲಿ ಕೂಗಿದೆ. ಎರಡನೆಯ ಸಲ ಕೂಗಿದ ಮೇಲೆ ಉತ್ತರ ಬಂತು.

"ನಿಂತೇನಿ, ತಮ್ಮಾ. ಇಳದಿಲ್ಲ."

ಲೈನು ಕಡಿದಾದ ಮೇಲೆ ಇಬ್ಬರು ಮೊಣಕಾಲು ಮುಳುಗುವ ನೀರಿನಲ್ಲಿ ಹೋಗಿ, ಕಬ್ಬಿಣದ ಸಲಾಕೆಯಿಂದ ಬಾಗಿಲು ಸರಿಸಿ, ಅವಳನ್ನು ಎತ್ತಿಕೊಂಡು ಬಂದರು. ನಾನು ಕಲ್ಪಿಸಿದ್ದಕ್ಕಿಂತ ಬಹಳ ಸಣ್ಣ ಜೀವ. ಮೆಟ್ಟಿಲ ಮೇಲೆ ಕೂತು ನನ್ನ ಮುಖ ನೋಡಿದಳು, ನಾನೇ ಎಂದು ತಿಳಿಯಲಿಲ್ಲ. ಮಾತಾಡಿದ ಮೇಲೆ ತಿಳಿದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಿಡಿಸಿಕೊಳ್ಳುವ ಮನಸ್ಸಾಗದೆ ಪಕ್ಕದಲ್ಲೇ ಕೂತೆ. ಇನ್ನು ಆ ಲಿಫ್ಟಿನಲ್ಲಿ ಹೋಗಬೇಡಿ, ಆಫೀಸಿನವರ ಇನ್ನೊಂದು ಲಿಫ್ಟು ಇದೆಯಲ್ಲ ಅಂದೆ.

"ಅದರಾಗ ಕಚರಾ ಒಯ್ದರ ಬಯ್ತಾರಪ್ಪ," ಅಂದಳು. "ನಮಗ ಇದ."

ಕೆಲವು ದಿನ ಬಿಟ್ಟು ಪಾಸ್‌ವರ್ಡು ಬಂತು, ಮುಚ್ಚಿದ್ದ ದಾರಿ ತೆರೆದೆ. ಎರಡೂ ಕಡೆ ಕೇಳುತ್ತದೆಯೇ ಎಂದು ನೋಡಲು ಲಿಫ್ಟಿನೊಳಗೆ ನಿಂತು ಮಾತಾಡಬೇಕಿತ್ತು. ನೀರು ಇಳಿದಿತ್ತು, ದೀಪ ಉರಿಯುತ್ತಿತ್ತು. ಆದರೂ ವಾಚ್‌ಮನ್‌ಗೆ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಲ್ಲಲು ಹೇಳಿ, ಒಂದೇ ಕಾಲು ಒಳಗಿಟ್ಟು, ಫೋನೆತ್ತಿ ರಿಸೆಪ್ಷನ್ನಿನ ಹುಡುಗಿಗೆ ಹಲೋ ಅಂದೆ.