ನಮ್ಮ ಮನೆಯ ವಿಮಾನ, ದೊಡ್ಡವ್ವನ ಬ್ಯಾಟರಿ

ನಮ್ಮ ಯಜಮಾನರಿಗೆ ಆನೆಗಳ ಮೇಲೆ ಕೋಪ ಬಂದದ್ದು ಸಹಜ. ಆ ಕೋಪದಲ್ಲಿ ಅವರು ಚಾಮರಾಜನಗರಕ್ಕೆ ಹೋಗಿ ಡ್ರೋನ್ ತಂದದ್ದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೋಪ ಬಂದರೆ ಬೇರೆ ಗಂಡಸರು ಊಟ ಬಿಡುತ್ತಾರೆ, ಇಲ್ಲವೇ ಹೆಂಡತಿಯನ್ನು ಬೈಯುತ್ತಾರೆ. ಇವರು ಎರಡನ್ನೂ ಮಾಡಿ, ಅದೂ ಸಾಲದೆಂದು ವಿಮಾನ ತಂದರು.

ಮದುವೆ ವೀಡಿಯೊ ತೆಗೆಯುವವನೊಬ್ಬ ಹೊಸದನ್ನು ಕೊಂಡು ಹಳೆಯದನ್ನು ಇವರ ತಲೆಗೆ ಕಟ್ಟಿದ್ದ. ಎಷ್ಟೋ ಮದುವೆ ಕಂಡ ಯಂತ್ರ ಎಂದು ಹೊಗಳಿ ಕೊಟ್ಟನಂತೆ. ಅದು ಕಂಡದ್ದು ಬರೀ ಮದುವೆಯಲ್ಲ. ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬವನ್ನೂ ತೀರ ಹತ್ತಿರದಿಂದ ನೋಡಿ ಬಂದಿದೆ ಎಂಬುದಕ್ಕೆ ಸಾಕ್ಷಿ ಅದರ ಹೊಟ್ಟೆಯ ಕೆಳಗೆ ಒಣಗಿ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ ಒಳಗೆ ತೆಗೆದುಕೊಂಡೆ. ಮನೆಗೆ ಬಂದ ಮೇಲೆ ಅದೂ ನಮ್ಮದೇ ತಾನೆ.

ಇವರ ಯೋಜನೆ ಬಹಳ ಸರಳವಾಗಿತ್ತು. ಇನ್ನು ಮೇಲೆ ಚಳಿಯಲ್ಲಿ ಅಟ್ಟಣೆ ಮೇಲೆ ಕೂತು ಕಾವಲು ಕಾಯುವ ಕೆಲಸವಿಲ್ಲ. ಕತ್ತಲಾದ ಮೇಲೆ ಡ್ರೋನನ್ನು ಹೊಲದ ಮೇಲೆ ಎತ್ತಿ ನಿಲ್ಲಿಸುವುದು, ಜಗುಲಿಯಲ್ಲಿ ಕೂತು ಫೋನಿನಲ್ಲಿ ಆನೆ ಎಲ್ಲಿದೆ ಎಂದು ನೋಡುವುದು. ಜೊತೆಗೆ ಒಂದು ಲೋಟ ಕಾಫಿ. ಕಾಫಿ ಯಾರು ಕಾಯಿಸಬೇಕು ಎಂಬುದನ್ನು ಯೋಜನೆಯಲ್ಲಿ ಬಿಡಿಸಿ ಹೇಳಿರಲಿಲ್ಲ.

ಅಟ್ಟಣೆಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಬೆಳೆ ಕೈಗೆ ಬರುವ ಹೊತ್ತಿಗೆ ಕಾಡಂಚಿನ ಹೊಲದವರೆಲ್ಲ ಅಟ್ಟಣೆ ಹತ್ತುತ್ತಾರೆ. ನಾಲ್ಕು ಕಂಬ, ಗರಿ ಹೊದಿಸಿದ ಒಂದು ಸೂರು, ಕಂಬಳಿ, ಪಟಾಕಿ, ಒಂದು ಬ್ಯಾಟರಿ. ಬ್ಯಾಟರಿ ಎಂದರೆ ಟಾರ್ಚು. ಫೋನಿನ ಸಿಗ್ನಲ್ ಅಲ್ಲಿ ಹುಲಿಗಿಂತ ಅಪರೂಪವಾದ್ದರಿಂದ ಮಾತೆಲ್ಲ ಬ್ಯಾಟರಿಯದೇ. ಬೆಳಕು ಸುಮ್ಮನೆ ಒಂದು ಸುತ್ತು ತಿರುಗಿದರೆ, ಎಚ್ಚರವಾಗಿದ್ದೇನೆ ಎಂದರ್ಥ. ಒತ್ತಿ ಒತ್ತಿ ಬಿಟ್ಟು ಮಿಣುಕಿಸಿದರೆ, ಆನೆ ಬಂದಿದೆ, ಬನ್ನಿ ಎಂದರ್ಥ. ಅದನ್ನು ಕಂಡವರು ತಮ್ಮ ಹೊಲ ಬಿಟ್ಟು ಓಡಬೇಕು. ಯಾಕೆ, ಯಾರು ಎಂದು ಕೇಳುವ ಹಾಗಿಲ್ಲ. ಮಾತು ಬಿಟ್ಟವರೂ ಓಡುತ್ತಾರೆ, ಬದುವಿನ ಜಗಳ ಕೋರ್ಟಿಗೆ ಹೋದವರೂ ಓಡುತ್ತಾರೆ. ಸಾವಿಗೆ ಹೋಗದಿದ್ದರೆ ಊರು ಒಂದು ತಿಂಗಳು ಆಡಿಕೊಂಡು ಬಿಟ್ಟೀತು, ಮಿಣುಕಿದಾಗ ಹೋಗದವನನ್ನು ಯಾರೂ ಮರೆಯುವುದಿಲ್ಲ.

ನಮ್ಮ ಹೊಲದಾಚೆ, ಕಾಡಿಗೆ ತೀರ ಅಂಟಿಕೊಂಡು ದೊಡ್ಡವ್ವನ ಜೋಳದ ಹೊಲ. ಸಂಬಂಧದಲ್ಲಿ ನಮಗೇನೂ ಅಲ್ಲ, ಊರಿಗೆಲ್ಲ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಟ್ಟಣೆ ಹತ್ತುತ್ತಿದ್ದಳು. ಬಾಯಿ ಜೋರು, ಮಂಡಿ ಮಾತ್ರ ಸವೆದಿತ್ತು. ಹಿಂದಿನ ಸಲ ಆನೆಗಳು ಅವಳ ಜೋಳವನ್ನು ಬುಡ ಸಮೇತ ಮುಗಿಸಿದ್ದವು. ಈ ಸಲ ತೆನೆ ಬಲಿಯುತ್ತಿದ್ದಾಗ ನನ್ನ ಹತ್ತಿರ ರವಿಕೆ ಹೊಲಿಸಲು ಬಂದವಳು, ಅಳತೆ ಕೊಡುತ್ತಾ ಹೇಳಿದ್ದಳು.

"ಈ ಸಲವೂ ಬೆಳೆ ಓದ್ರೆ ಒಲ ಬೀಳು ಬುಟ್ಬುಟ್ಟು ತಂಗಿ ಮನೆಗೆ ಒಂಟೋಯ್ತೀನಿ ಕಣಮ್ಮಿ. ಇನ್ ಆಗಕಿಲ್ಲ."

ತಂಗಿ ಇದ್ದದ್ದು ತಾಳಮಲೆಯಲ್ಲಿ, ಕಾಡಿನ ನಟ್ಟನಡುವೆ. ಆನೆಗೆ ಹೆದರಿ ತಾಳಮಲೆಗೆ ಹೋಗುತ್ತೇನೆಂದವರನ್ನು ನಾನು ಕಂಡದ್ದು ದೊಡ್ಡವ್ವನೊಬ್ಬಳನ್ನೇ. ಅದನ್ನು ಅವಳಿಗೆ ಹೇಳಿಯೂಬಿಟ್ಟೆ. ಅವಳು ನಗಲಿಲ್ಲ. ನನಗೂ ಆಮೇಲೆ ನಗು ಉಳಿಯಲಿಲ್ಲ.

ಡ್ರೋನಿನ ಮೊದಲ ರಾತ್ರಿ ಹಾರಾಟ ದೀಪವಿಲ್ಲದೆ ನಡೆಯಿತು. ನಮ್ಮೂರು ಗಡಿಯ ತಮಿಳು ಕಡೆಗೆ ಸೇರಿದ್ದು. ಫಾರೆಸ್ಟ್ ವಾಚರೊಬ್ಬರು ಮುಂಚೆಯೇ ಬಂದು, ನಿಮ್ಮ ಹೊಲ ಬಿಟ್ಟು ಕಾಡಿನ ಕಡೆ ಮೂತಿ ತಿರುಗಿದರೆ ಯಂತ್ರ ನಮ್ಮದು, ಕೇಸು ನಿಮ್ಮದು ಎಂದು ತಮಿಳಿನಲ್ಲಿ ಹೇಳಿ ಹೋಗಿದ್ದರು. ಅದರ ಮೂತಿ ಎಲ್ಲಿದೆ ಎಂದು ತಿಳಿದರೆ ತಾನೆ? ಕಪ್ಪು ಆಕಾಶದಲ್ಲಿ ಕಪ್ಪು ಯಂತ್ರ. ಇವರು ಬಹಳ ಹೊತ್ತು ಒಂದು ನಕ್ಷತ್ರವನ್ನು ಎಡಕ್ಕೆ ತಿರುಗಿಸಲು ನೋಡಿದರು. ನಕ್ಷತ್ರ ಕೇಳಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ತನ್ನ ಜೋಳದಲ್ಲಿ ಬಿದ್ದಿದ್ದ ಡ್ರೋನನ್ನು, ಕೋಳಿಯನ್ನು ಹಿಡಿಯುವಂತೆ ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸಿಕೊಂಡು ತಂದುಕೊಟ್ಟಳು.

ಹಾಗಾಗಿ ದೀಪ ತರಿಸಿದರು. ಹೆಬ್ಬೆರಳಿನ ಉಗುರಿನಷ್ಟಿರುವ ಮಿಂಚುದೀಪಗಳು, ಫೋನಿನ ಚಾರ್ಜರಿಗೇ ಹಾಕಬಹುದು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಅವನ್ನು ನೋಡಿ ಮೂತಿ ಯಾವ ಕಡೆ ಎಂದು ತಿಳಿಯಬೇಕು. ಬೆನ್ನಿನ ಮೇಲೆ ಬಿಳಿಯದು, ಅದು ಚಕ್ ಚಕ್ ಎಂದು ಮಿಂಚಿ ಮೈಲಿ ದೂರಕ್ಕೂ ಕಾಣಬೇಕು. ಇವರು ದೀಪಗಳನ್ನು ಕರೆಂಟ್ ಟೇಪಿನಲ್ಲಿ ಸುತ್ತಲು ಹೊರಟಾಗ ನಾನು ಕೈಯಿಂದ ಕಿತ್ತುಕೊಂಡೆ. ಇಷ್ಟು ವರ್ಷ ಹೊಲಿಗೆ ಮಿಷನ್ ತುಳಿದವಳು ನಾನು. ಮಕ್ಕಳ ಬೂಟಿಗೆ, ರೇನ್‌ಕೋಟಿಗೆ ಹಚ್ಚುವ ವೆಲ್ಕ್ರೋ ಪಟ್ಟಿ ಡಬ್ಬಿಯಲ್ಲಿತ್ತು.

ಹಚ್ಚುವುದೇನೋ ಸುಲಭ, ಎಲ್ಲಿ ಎಂಬುದೇ ಕಷ್ಟ. ಬಿಳಿಯದನ್ನು ಮುಂದೆ ಅಂಟಿಸಿದರೆ ಕ್ಯಾಮೆರಾದೊಳಗೆ ಸಿಡಿಲು ಮಿಂಚು. ಹೊಟ್ಟೆಗೆ ಅಂಟಿಸಿದರೆ, ಅದು ನೆಲ ನೋಡುವ ಕಣ್ಣೇ ಮುಚ್ಚಿಹೋಗಿ, ಇಳಿಯಲು ಒಪ್ಪದೆ ಕಣದ ಮೇಲೆ ಮಂಡಿಯೆತ್ತರದಲ್ಲಿ ಮುನಿಸಿಕೊಂಡು ನಿಂತಿತು. ತೋಳಿನ ತುದಿಗೆ ಅಂಟಿಸಿದರೆ ಪಟ್ಟಿಯ ಬಾಲವನ್ನು ರೆಕ್ಕೆ ಕತ್ತರಿಸಿ ನನ್ನ ಹಣೆಗೇ ಎಸೆಯಿತು. ಬೆನ್ನಿನ ನಡುವೆ ಬೇಡ, ಅಲ್ಲಿ ಅದರ ಜಿಪಿಎಸ್ ಇದೆ ಎಂದು ಇವರು ಹೇಳಿದರು. ಕೊನೆಗೆ ಬಿಳಿಯದನ್ನು ಬೆನ್ನಿನ ಹಿಂಬದಿಗೆ, ಬಣ್ಣದವನ್ನು ತೋಳಿನ ಬುಡಕ್ಕೆ, ಪಟ್ಟಿಯನ್ನು ದೀಪದ ಅಳತೆಗೆ ಸರಿಯಾಗಿ ಕತ್ತರಿಸಿ ಹಚ್ಚಿದೆ. ಎರಡೂ ಕಡೆ ತೂಕ ಸಮ ಇರಬೇಕು, ರವಿಕೆಯ ತೋಳಿನ ಹಾಗೆಯೇ. ಎಲ್ಲ ಮುಗಿದ ಮೇಲೆ ಇವರು ಒಂದು ದೀಪವನ್ನು ಒತ್ತಿ ನೋಡಿ, ಪರವಾಗಿಲ್ಲ, ನನ್ನ ಐಡಿಯಾ ಕೆಲಸ ಮಾಡಿತು ಎಂದರು.

ಮಾರನೇ ಸಂಜೆ ವಿಮಾನ ಏರಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿ ಕಂಡಿತು. ಎಡ ಯಾವುದು ಬಲ ಯಾವುದು ಎಂದು ನನಗೂ ತಿಳಿಯುತ್ತಿತ್ತು. ಇವರು ಎದೆಯುಬ್ಬಿಸಿ ನಿಂತಿದ್ದರು. ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ದಿಕ್ಕಿನಿಂದ ಜನ ಓಡಿ ಬಂದರು. ಒಬ್ಬರ ಕೈಯಲ್ಲಿ ಪಟಾಕಿ, ಒಬ್ಬರ ಕೈಯಲ್ಲಿ ತಗಡಿನ ಡಬ್ಬ, ಇನ್ನೊಬ್ಬರು ಬಾಯಲ್ಲಿ ಮುದ್ದೆಯ ತುತ್ತು ಇದ್ದಂತೆಯೇ ಬಂದಿದ್ದರು. ಆನೆ ಎಲ್ಲಿ ಎಂದು ಎಲ್ಲರೂ ಕೇಳಿದರೆ ಇವರು ಹೆಮ್ಮೆಯಿಂದ ಮೇಲೆ ಕೈ ತೋರಿಸಿದರು.

ದೂರದ ಹೊಲಗಳಿಗೆ ಕೆಂಪು ಹಸಿರು ಕಂಡಿರಲಿಲ್ಲ, ಬಿಳಿ ಮಿಣುಕು ಮಾತ್ರ ಕಂಡಿತ್ತು. ಹಾಗೆ ಮಿಣುಕುವುದು ನಮ್ಮಲ್ಲಿ ಒಂದೇ ಕಾರಣಕ್ಕೆ. ಆವತ್ತು ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಎಲ್ಲರಿಗೂ ಟೀ ಕೊಟ್ಟೆ. ಇದರಲ್ಲಿ ಆನೆ ಕಾಣುತ್ತದೆಯೇ ಎಂದು ಒಬ್ಬ ಹಿರಿಯರು ಕೇಳಿದರು. ಇವರು ಫೋನ್ ತೋರಿಸಿದರು. ತುಂಬ ಕತ್ತಲೆ ಕಂಡಿತು. ಕತ್ತಲೆಯನ್ನು ಅಷ್ಟು ಸ್ಪಷ್ಟವಾಗಿ ನಮ್ಮೂರಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ.

ಟೀ ಕುಡಿಯದೆ ನಿಂತಿದ್ದವಳು ದೊಡ್ಡವ್ವ ಒಬ್ಬಳೇ. ಸವೆದ ಮಂಡಿ ಹೊತ್ತು ಅವಳೂ ಅಟ್ಟಣೆ ಇಳಿದು ಬಂದಿದ್ದಳು.

"ಲೋ ಮಗ, ನಿನ್ ಲೈಟ್ ಮಿಣಕ್ತು ಅಂತ ನಾನೂ ಒಲ ಬುಟ್ಟು ಬಂದಿವ್ನಿ. ನಾಳೆ ನಂದು ಮಿಣಕ್ದಾಗ ಯಾರ್ ಬತ್ತಾರ್ಲಾ?"

ನನ್ನದು ಆಕಾಶದಲ್ಲಿರುತ್ತದೆ, ನಿನ್ನದು ಕೆಳಗಿರುತ್ತದೆ, ಕುರುಡರಿಗೂ ವ್ಯತ್ಯಾಸ ತಿಳಿಯುತ್ತದೆ ಎಂದು ಇವರು ಸಮಾಧಾನ ಹೇಳಿದರು. ನಮ್ಮ ಇಳಿಜಾರಿನಲ್ಲಿ ಕತ್ತಲಾದ ಮೇಲೆ ಮೇಲಿನ ಹೊಲದ ಬೆಳಕು ಯಾವುದು, ಆಕಾಶದ್ದು ಯಾವುದು ಎಂದು ಹುಟ್ಟಿದೂರಿನವರಿಗೇ ತಿಳಿಯದು, ಅಂಥವರಿಗೆ ಇವರು ಪಾಠ ಮಾಡಿದ್ದು ನೋಡಿ ನನಗೆ ಮೈ ಉರಿಯಿತು. ಹೇಳಿದೆ, ಅಲ್ಲೇ ಹೇಳಿದೆ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂಬ ಗಾದೆ ಇವರ ಬಾಯಿಂದ ನನ್ನ ಕಡೆಗೇ ಬಂತು.

ಆಮೇಲಿನ ಸಂಜೆಗಳಲ್ಲಿ ವಿಮಾನ ಎದ್ದಾಗ ಒಂದಿಬ್ಬರು ಓಡಿ ಬಂದು ಬೈದುಕೊಂಡು ಹೋದರು. ಮುಂದೆ ಅವರೂ ಬರಲಿಲ್ಲ. ಬೆಳಕು ಮಿಣುಕಿದರೆ, ಅವನ ವಿಮಾನ ಎದ್ದಿತು ಎಂದು ಕಂಬಳಿ ಎಳೆದುಕೊಳ್ಳುವುದು ರೂಢಿಯಾಯಿತು. ಇವರಿಗೆ ಅದರಿಂದ ಸಂತೋಷವೇ ಆಯಿತು. ಜನ ವಿಜ್ಞಾನಕ್ಕೆ ಒಗ್ಗಿಕೊಂಡರು ಎಂದರು.

ಒಂದು ಸಂಜೆ ತುಂತುರು ಹನಿಯುತ್ತಿತ್ತು. ಹನಿ ಬಿದ್ದರೆ ವಿಮಾನಕ್ಕೆ ನೆಗಡಿ, ಆದ್ದರಿಂದ ಅದನ್ನು ಎತ್ತುವ ಹಾಗಿರಲಿಲ್ಲ. ಉಂಡ ತಟ್ಟೆಯ ನೀರು ಚೆಲ್ಲಲು ಹೊರಗೆ ಬಂದೆ. ದೂರದಲ್ಲಿ ಕಾಡಂಚಿನ ಕಡೆ ಬಿಳಿ ಬೆಳಕು ಚಕ್ ಚಕ್ ಎನ್ನುತ್ತಿತ್ತು. ಥೂ, ಈ ಮಳೆಯಲ್ಲೂ ಎತ್ತಿದ್ದಾರಲ್ಲ ಎಂದುಕೊಂಡು ಒಳಗೆ ಬಂದೆ. ನನ್ನ ಹೊಲಿಗೆ ಮಿಷನ್ನಿನ ಮೇಲೆ, ಅರ್ಧ ಹೊಲಿದ ದೊಡ್ಡವ್ವನ ರವಿಕೆಯ ಪಕ್ಕದಲ್ಲಿ ಡ್ರೋನ್ ಕೂತಿತ್ತು. ಇವರನ್ನು ಕೂಗಿದೆ.

ಎಷ್ಟು ಹೊತ್ತಿನಿಂದ ಅದು ಮಿಣುಕುತ್ತಿತ್ತೋ ಶಿವನೇ ಬಲ್ಲ. ಇಡೀ ಊರಿನಲ್ಲಿ ಆ ಬೆಳಕು ವಿಮಾನದ್ದಲ್ಲ ಎಂದು ತಿಳಿದಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಇವರು ಪಟಾಕಿ ಹಿಡಿದು ಓಡಿದರು, ನಾನು ಕೈಯಲ್ಲಿದ್ದ ತಟ್ಟೆಯನ್ನೇ ಬಡಿಯುತ್ತಾ ಹಿಂದೆ ಓಡಿದೆ. ದಾರಿಯುದ್ದಕ್ಕೂ ಅಟ್ಟಣೆಗಳಲ್ಲಿ ಜನ ಎಚ್ಚರವಾಗಿಯೇ ಇದ್ದರು. ಬೆಳಕನ್ನು ನೋಡುತ್ತಲೇ ಕೂತಿದ್ದರು.

"ನಮ್ದಲ್ಲ, ಅದು ನಮ್ದಲ್ಲ," ಎಂದು ಇವರು ಒಂದೊಂದು ಅಟ್ಟಣೆಗೂ ಕೂಗುತ್ತಾ ಹೋದರು. "ದೊಡ್ಡವ್ವಂದು ಕಣ್ರಪ್ಪ."

ಆಗ ದಡದಡನೆ ಇಳಿದು ಎಲ್ಲರೂ ಬಂದರು. ಆನೆ ನಡೆದದ್ದೇ ದಾರಿ ಎನ್ನುತ್ತಾರೆ. ನಾವು ಹೋಗುವಷ್ಟರಲ್ಲಿ ಮುಕ್ಕಾಲು ಹೊಲ ದಾರಿಯೇ ಆಗಿತ್ತು. ಆನೆಗಳು ಉಂಡು ಕಾಡಿಗೆ ಮರಳಿದ್ದವು. ದೊಡ್ಡವ್ವ ಅಟ್ಟಣೆಯ ಮೇಲೆ ಕೂತು ಇನ್ನೂ ಬ್ಯಾಟರಿ ಒತ್ತುತ್ತಲೇ ಇದ್ದಳು. ಇವರು ಮೇಲೆ ಹತ್ತಿ ಅವಳ ಹೆಬ್ಬೆರಳನ್ನು ಗುಂಡಿಯಿಂದ ಬಿಡಿಸಿದರು. ಅವಳು ಯಾರನ್ನೂ ಬೈಯಲಿಲ್ಲ.

ಬೆಳಗ್ಗೆ ಇವರು ಕಾಫಿಯನ್ನೂ ಕೇಳದೆ ದೀಪಗಳನ್ನು ಪರ್ ಪರ್ ಎಂದು ಕಿತ್ತು ನನ್ನ ಗುಂಡಿ ಡಬ್ಬಿಗೆ ಹಾಕಿದರು. ಆಮೇಲೆ ಹೊಲದಿಂದ ಹೊಲಕ್ಕೆ ಹೋಗಿ, ಕತ್ತಲಾದ ಮೇಲೆ ನಮ್ಮದು ಇನ್ನು ಏಳುವುದಿಲ್ಲ, ಮಿಣುಕಿದ್ದೆಲ್ಲ ನಿಜದ್ದೇ ಎಂದು ಹೇಳಿ ಬಂದರು. ಎಲ್ಲರೂ ಪರವಾಗಿಲ್ಲ ಬುಡಪ್ಪ ಎಂದರಂತೆ. ಯಾರಾದರೂ ಬೈದಿದ್ದರೆ ಇವರು ಅವತ್ತು ಎರಡು ತುತ್ತು ಉಣ್ಣುತ್ತಿದ್ದರು.

ದೊಡ್ಡವ್ವ ಉಳಿದ ತೆನೆ ಮುರಿದು ಮನೆಗೆ ಹಾಕಿಕೊಂಡಳು. ಬಟ್ಟೆಗಳನ್ನು ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ರವಿಕೆ ಕೊಡುವ ನೆಪದಲ್ಲಿ ಹೋಗಿ, ತಾಳಮಲೆಯಲ್ಲೂ ಆನೆ ಇದೆಯಲ್ಲ ದೊಡ್ಡವ್ವ ಎಂದು ಕೇಳಿದೆ. ಈ ಸಲ ತಮಾಷೆಗೆ ಕೇಳಲಿಲ್ಲ.

"ಆನೆ ಎಲ್ಲೂ ಅವೆ ಕಣಮ್ಮಿ. ಅಲ್ಲಿ ಕೂಗುದ್ರೆ ಓ ಅನ್ನಕೆ ಜನವಾದ್ರೂ ಅವ್ರೆ."

ರವಿಕೆಯ ಕೂಲಿಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ, ಇನ್ನೂ ಒಲೆ ಮೇಲೆ ಮುದ್ದೆ ಬೇಯುತ್ತಿದ್ದಾಗ, ಕಾಡಂಚಿನಲ್ಲಿ ಮತ್ತೆ ಬೆಳಕು ಮಿಣುಕಿತು. ಅಲ್ಲಿ ಇನ್ನು ತಿನ್ನಲು ಏನಿದೆ ಎಂದು ಯೋಚಿಸಲೂ ಇಲ್ಲ, ಒಲೆ ಆರಿಸಿ ಓಡಿದೆ. ಇವರು ನನಗಿಂತ ಮುಂದಿದ್ದರು, ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಹಿಂದೆ ಮುಂದೆ ಎಲ್ಲ ದಾರಿಗಳಲ್ಲೂ ಜನ. ಬದುವಿನ ಜಗಳದ ಇಬ್ಬರೂ ಒಂದೇ ಕಾಲುದಾರಿಯಲ್ಲಿ ಓಡುತ್ತಿದ್ದರು.

ಹೊಲದಲ್ಲಿ ಆನೆ ಇರಲಿಲ್ಲ. ದೊಡ್ಡವ್ವ ಅಟ್ಟಣೆಯ ಮೇಲೆ ಕಾಲು ಇಳಿಬಿಟ್ಟು ಎಲೆಅಡಿಕೆ ಜಗಿಯುತ್ತಿದ್ದಳು. ಬ್ಯಾಟರಿಯನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದು ನಿಧಾನವಾಗಿ ನೋಡಿದಳು. ನಮ್ಮ ಯಜಮಾನರ ಮುಖದ ಮೇಲೆ ಬೆಳಕು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಆನೆ ಬಂದಿಲ್ಲ. ನೀವ್ ಬತ್ತೀರೋ ಇಲ್ವೋ ಅಂತ ಒತ್ ನೋಡ್ದೆ. ಓಗಿ, ಉಂಡು ಮನಿಕಳಿ."

ಯಾರೋ ಗೊಣಗಿದರು, ಯಾರೋ ನಕ್ಕರು. ಇವರು ಮಾತ್ರ ಏದುಸಿರು ಬಿಡುತ್ತಲೇ, ಸುಮ್ಮಸುಮ್ಮನೆ ಹೀಗೆ ಬೆಳಕು ಮಿಣುಕಿಸಿದರೆ ಜನರಿಗೆ ಅದರ ಮೇಲಿನ ನಂಬಿಕೆಯೇ ಹೊರಟುಹೋಗುತ್ತದೆ ಎಂದು ದೊಡ್ಡವ್ವನಿಗೆ ತಿಳಿಹೇಳಲು ಶುರು ಮಾಡಿದರು. ನಿಜವಾಗಿಯೂ ಹೇಳಿದರು, ಅದೇ ಬಾಯಿಂದ. ನಾನು ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದೆ.

ಬೆಳಗ್ಗೆ ದೊಡ್ಡವ್ವ ಉಳುಮೆಗೆ ಬಾ ಎಂದು ಇವರಿಗೆ ಹೇಳಿ ಕಳಿಸಿದ್ದಳು. ನಾವು ಹೋಗುವಷ್ಟರಲ್ಲಿ ಅವಳು ಹೊಲದ ಬದುವಿನ ಮೇಲೆ ಕೂತಿದ್ದಳು. ತಾಳಮಲೆಗೆಂದು ಬಟ್ಟೆ ಕಟ್ಟಿದ್ದ ಹಳೆಯ ಸೀರೆ ಅವಳ ಮಡಿಲಲ್ಲಿತ್ತು. ಅದರಲ್ಲಿ ಬಿತ್ತನೆಯ ಹುರುಳಿ ಇತ್ತು.