ಸತ್ತವರ ಔಟ್‌ಬಾಕ್ಸ್

ಗೋಕಾಕದ ಅಂಗಡಿಯೊಂದರಿಂದ, ಮಾಲೀಕರು ತೀರಿಕೊಂಡ ಮೇಲೂ ಅವರ ಹೆಸರಿನಲ್ಲಿ ಇ-ಮೇಲ್‌ಗಳು ಹೋಗುತ್ತಿದ್ದವು. ಅಣ್ಣನೊಡನೆ ಮಾತು ಬಿಟ್ಟಿದ್ದ ಅವರ ತಮ್ಮ ನನ್ನನ್ನು ಕರೆಸಿದರು.

"ಮಂದಿ ಗಾಬರಿ ಆಗ್ಯಾರ್ರಿ, ಬಂದ್ ಮಾಡ್ರಿ."

ನನ್ನದು ಕಂಪ್ಯೂಟರ್ ರಿಪೇರಿ, ದೆವ್ವ ಬಿಡಿಸುವ ಕೆಲಸವಲ್ಲ. ಔಟ್‌ಬಾಕ್ಸ್ ತೆರೆದೆ. ಅಣ್ಣ ಮೊದಲೇ ಬರೆದು, ಹೋಗಬೇಕಾದ ತಾರೀಖು ಹಾಕಿಟ್ಟ ಮೇಲ್‌ಗಳು ಅಲ್ಲಿ ಕಾಯುತ್ತಿದ್ದವು. ಒಂದೊಂದೇ ಅಳಿಸಿದೆ. ಕೊನೆಗೆ ಉಳಿದದ್ದು ಕ್ಷಮಾವಾಣಿಯದು, ಜೈನರು ವರ್ಷದ ತಪ್ಪುಗಳಿಗೆ ಎಲ್ಲರ ಕ್ಷಮೆ ಕೇಳುವ ದಿನ ಅದು. ನೆಂಟರು, ವ್ಯಾಪಾರಿಗಳು, ವಕೀಲರು, ಎಲ್ಲರ ವಿಳಾಸವೂ ಇತ್ತು.

ಮಾಲೀಕರ ತಮ್ಮ ಮುಂದೆ ಬಾಗಿ ಓದಿದರು, ಮತ್ತೆ ಓದಿದರು.

"ಇದ್ರಾಗ ನನ್ನ ಹೆಸರ ಇಲ್ಲಲ್ರಿ. ಈಗ ಹಾಕಾಕ ಬರ್ತೈತೇನ್ರಿ?"

ಬರುತ್ತಿತ್ತು, ಹಾಕಿದೆ. ಕಂಪ್ಯೂಟರಿಗೇನು, ಕ್ಷಮೆ ಕೇಳುವವನು ಬದುಕಿದ್ದಾನೋ ಎಂದೂ ನೋಡುವುದಿಲ್ಲ, ಅವನಿಗೆ ಕೇಳುವ ಮನಸ್ಸಿತ್ತೋ ಎಂದೂ ನೋಡುವುದಿಲ್ಲ.