ಮಾಮಾ ಫುರಾಹಾಗೆ ಬಂದ ಫೋನ್

ಎಳೆಯ ಮರಗೆಣಸಿನ ಎಲೆಯನ್ನು ಒರಳಿಗೆ ಹಾಕಿ ಕುಟ್ಟಿದರೆ ಏಳುವ ವಾಸನೆಯಲ್ಲಿ ಹಸಿ ಹುಲ್ಲಿನ ಜೊತೆಗೆ ಒಂದು ತೆಳು ಕಹಿಯೂ ಇರುತ್ತದೆ. ಎಲ್ಲವೂ ಎಂದಿನಂತೆ ಇದ್ದ ಕೊನೆಯ ಭಾನುವಾರದ ಬೆಳಿಗ್ಗೆ ಶ್ರೀಕಾರ್ಯಂನ ನಮ್ಮ ಬಾಡಿಗೆ ಮನೆಯ ತುಂಬ ಆ ವಾಸನೆಯಿತ್ತು. ನನಗಾಗ ಹತ್ತು ವರ್ಷ. ಅಪ್ಪ ಕಾಸರಗೋಡಿನವರು, ಶ್ರೀಕಾರ್ಯಂನ ಗೆಡ್ಡೆಗೆಣಸಿನ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಅದೇ ಕೇಂದ್ರಕ್ಕೆ ತರಬೇತಿಗೆಂದು ಕಾಂಗೋ ದೇಶದಿಂದ ಬಂದಿದ್ದ ಹೆಂಗಸೊಬ್ಬರು ನಮ್ಮ ಮಹಡಿಯ ಕೋಣೆಯಲ್ಲಿದ್ದರು. ಅವರ ಊರಿನಲ್ಲಿ ತಾಯಂದಿರನ್ನು ಅವರ ಹೆಸರು ಹಿಡಿದು ಯಾರೂ ಕರೆಯುವುದಿಲ್ಲವಂತೆ, ಹಿರಿಯ ಮಗುವಿನ ಹೆಸರು ಸೇರಿಸಿಯೇ ಕರೆಯುವುದಂತೆ. ಅವರ ಮಗಳು ಫುರಾಹಾ, ನನ್ನದೇ ಪ್ರಾಯದವಳು, ಊರಿನಲ್ಲಿ ಚಿಕ್ಕಮ್ಮನ ಜೊತೆಗಿದ್ದಳು. ಹಾಗಾಗಿ ನಾವೆಲ್ಲ ಅವರನ್ನು ಮಾಮಾ ಫುರಾಹಾ ಎನ್ನುತ್ತಿದ್ದೆವು. ದಿನಕ್ಕೆ ಎಷ್ಟೋ ಸಲ, ಕಾಣದ ಆ ಹುಡುಗಿಯ ಹೆಸರು ನಮ್ಮ ಮನೆಯಲ್ಲಿ ಕೇಳುತ್ತಿತ್ತು.

ನಾವು ಗೆಣಸು ತಿಂದು ಎಲೆ ಎಸೆಯುವವರು. ಅವರಿಗೆ ಎಲೆಯೇ ಮುಖ್ಯ. ಅಮ್ಮನಿಗೆ ಅದನ್ನು ಕಂಡರೆ ಹೆದರಿಕೆ. "ನಮ್ಮ ಕಪಿಲೆ ಆ ಎಲೆ ತಿಂದೇ ಸತ್ತದ್ದು ಮಾರಾಯ್ತಿ, ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ಅಮ್ಮ ಕನ್ನಡದಲ್ಲೇ ಹೇಳಿದರೆ, ನಾನು ಅದನ್ನು ನನ್ನ ಶಾಲೆಯ ಇಂಗ್ಲಿಷಿನಲ್ಲಿ ದಾಟಿಸುತ್ತಿದ್ದೆ. ಅವರು ಒನಕೆ ನಿಲ್ಲಿಸದೆ, "ಪಾಪ, ಹಸುವಿಗೆ ಕುಟ್ಟಿ ಬೇಯಿಸಲು ಬರುವುದಿಲ್ಲವಲ್ಲ ಚೇಚಿ" ಎಂದು, ಇಲ್ಲಿ ಕಲಿತ ಮಲಯಾಳದಲ್ಲಿ ಅಮ್ಮನನ್ನು ಅಕ್ಕ ಎನ್ನುತ್ತಾ, ನಗುತ್ತಿದ್ದರು. ಹಸುವಿನ ಸುದ್ದಿ ಬಂದರೆ ಅವರ ಮುಖ ಅರಳುತ್ತಿತ್ತು. ಅವರು ತಮ್ಮ ದೇಶದ ಒಂದು ದೊಡ್ಡ ಸರೋವರದ ದಂಡೆಯ ಶಿ ಎಂಬ ಜನ, ಮದುವೆ ಮಾತುಕತೆಯಲ್ಲಿ ಹೆಣ್ಣಿನ ಮನೆಗೆ ಕೊಡುವ ಹಸು ಎಣಿಸುವವರು. ನನ್ನ ಭೂಗೋಳದ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಒಂದು ದೊಡ್ಡ ನದಿ ಬರೆದು, ಸಮುದ್ರದ ಕಡೆ ಕೊಂಗೋ ಎಂಬ ಜನ, ದಕ್ಷಿಣಕ್ಕೆ ಲುಬಾ, ಮಧ್ಯದ ಕಾಡಿನಲ್ಲಿ ತಮ್ಮ ಗಂಡನ ಕಡೆಯ ಮೊಂಗೋ ಎಂದು ತೋರಿಸಿದ್ದರು. ಅಂಗಳದ ತಂತಿಯಲ್ಲಿ ಮನೆಯ ಮಾಲೀಕರು ರಬ್ಬರ್ ಹಾಳೆ ಒಣಗಿಸಿದ ದಿನ ಮಾತ್ರ ಅವರು ಹಿಂಬಾಗಿಲಿನಿಂದ ಹೋಗುತ್ತಿದ್ದರು. ಕೇಳಿದಾಗ ಹೇಳಿದರು: ಒಂದು ಕಾಲದಲ್ಲಿ ದೂರದ ರಾಜನೊಬ್ಬ, ಒಮ್ಮೆಯೂ ಬಂದು ನೋಡದೆ, ಅವರ ಇಡೀ ದೇಶವನ್ನು ತನ್ನದೆಂದನಂತೆ. ಕಾಡಿನ ಬಳ್ಳಿಗಳಿಂದ ರಬ್ಬರ್ ತರಿಸಿದನಂತೆ. ಕಡಿಮೆ ತಂದ ಊರಿನವರ ಕೈಯನ್ನು ಅವನ ಸಿಪಾಯಿಗಳು ಕತ್ತರಿಸಿದರಂತೆ. ಗಂಡನ ಮುತ್ತಜ್ಜಿ ಒಂದೇ ಕೈಯಲ್ಲಿ ಮಕ್ಕಳನ್ನು ಸಾಕಿದವಳು. ಇದನ್ನು ಅವರು ಸೊಪ್ಪು ಬಿಡಿಸುತ್ತಾ, ಸ್ವರ ಏರಿಸದೆ ಹೇಳಿದ್ದರು.

ಭಾನುವಾರ ಸಂಜೆ ಐದಕ್ಕೆ ಫುರಾಹಾಳ ಫೋನ್ ನಮ್ಮ ಮನೆಗೆ ಬರುತ್ತಿತ್ತು. ಆ ಭಾನುವಾರ ಕುಟ್ಟಿದ್ದು ಸಾಲದು, ಇನ್ನೂ ಬೇಕು ಎಂದು ಹಟ ಹಿಡಿದವಳು ನಾನು. ಮೂರು ಗಂಟೆಗೆ ಸೊಪ್ಪು ತರಲು ಮಾಮಾ ಫುರಾಹಾ ಕೇಂದ್ರದ ಹೊಲಕ್ಕೆ ಹೊರಟಾಗ, ಅಮ್ಮನೂ ಅಪ್ಪನೂ ಜೊತೆಗೆ ಹೋದರು. ಅವರು ಗೇಟು ದಾಟಿ ಸ್ವಲ್ಪ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಎತ್ತಿದೆ. "ಮಾಮಾ?" ಎಂದಿತು ಒಂದು ಹುಡುಗಿಯ ಸ್ವರ. ಅಲ್ಲ ಎನ್ನಲು ನನ್ನಿಂದಾಗಲಿಲ್ಲ. "ಹೂಂ" ಎಂದೆ. ಅವಳು ಬಿಡದೆ ಮಾತಾಡಿದಳು, ನನಗೆ ತಿಳಿಯದ ಭಾಷೆಯಲ್ಲಿ, ನಡುನಡುವೆ ಅಳುತ್ತಾ, ಏನನ್ನೋ ಮತ್ತೆ ಮತ್ತೆ ಕೇಳುತ್ತಾ. ನಾನು ಇನ್ನೊಮ್ಮೆ "ಹೂಂ" ಎಂದೆ. ಸಂಪರ್ಕ ಕಡಿಯಿತು.

ಮಡಿಲು ತುಂಬ ಸೊಪ್ಪು ತಂದ ಮಾಮಾ ಫುರಾಹಾ ಬಾಗಿಲಲ್ಲೇ, "ಫೋನ್ ಬಂತಾ ಮಗೂ?" ಎಂದರು. ಹೂಂ ಎಂದದ್ದು ಗೊತ್ತಾದೀತೆಂದು ಹೆದರಿ, ಇಲ್ಲ ಎಂದೆ. ಐದಕ್ಕೆ ಅವರು ಸ್ಟೂಲು ಎಳೆದುಕೊಂಡು ಫೋನಿನ ಪಕ್ಕ ಕೂತರು. ಮುಂದಿನ ಭಾನುವಾರವೂ ಕೂತರು, ಅದರಾಚೆಯ ಭಾನುವಾರವೂ. ಸರೋವರದ ಊರಿನಲ್ಲಿ ಗುಂಡು ಹಾರುತ್ತಿದೆ, ಜನ ಓಡಿ ಹೋಗಿದ್ದಾರೆ ಎಂದು ಅಪ್ಪನಿಗೆ ಕೇಂದ್ರದಲ್ಲಿ ಯಾರೋ ಹೇಳಿದರು. ತರಬೇತಿ ಮುಗಿಸದೆಯೇ ಮಾಮಾ ಫುರಾಹಾ ಊರಿಗೆ ಹೊರಟರು. ತಲುಪಿದ್ದೇನೆ, ಮಗಳಿದ್ದ ಮನೆಗೆ ಬೀಗ ಬಿದ್ದಿದೆ ಎಂದು ಒಂದು ಕಾಗದ ಬಂತು. ಅಪ್ಪ ಬರೆದ ಮೂರು ಕಾಗದಗಳಿಗೆ ಉತ್ತರವಿಲ್ಲ.

ಆ ಮನೆ ಈಗಿಲ್ಲ, ಅಲ್ಲಿ ಫ್ಲ್ಯಾಟ್ ಎದ್ದಿದೆ. ಅಪ್ಪನೂ ಇಲ್ಲ. ಅಮ್ಮ ಹಾಸಿಗೆ ಹಿಡಿದ ವರ್ಷ, ಅವರ ಕಾಲು ಒತ್ತುತ್ತಾ, ಮೊದಲ ಬಾರಿಗೆ ಇದನ್ನು ಬಾಯಿಬಿಟ್ಟು ಹೇಳಿದೆ. ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು. "ಅರ್ಥ ಆಗದಿದ್ದರೆ ಬೇಡ ಮಗಾ. ಮಗುವಿನ ಸ್ವರ ಕೇಳಿತ್ತು ಅಂತಾದರೂ ಹೇಳಬಹುದಿತ್ತಲ್ಲ ಅವಳಿಗೆ" ಎಂದರು. ಈಗ ಅಮ್ಮನೂ ಇಲ್ಲ. ಫುರಾಹಾ ಆ ದಿನ ತನ್ನ ತಾಯಿಯನ್ನು ಏನು ಕೇಳಿದಳು, ನಾನು ಯಾವುದಕ್ಕೆ ಹೂಂ ಎಂದೆ, ನನಗೆ ಇಂದಿಗೂ ಗೊತ್ತಿಲ್ಲ.